ಪಟ್ಟ ಯಾರ ಸೊತ್ತು?

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಚೆಸ್ ಪಂದ್ಯಾಟದ ಬಹುಮಾನ ವಿತರಣೆಗೆ ಮೊದಲು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಯವರು ಕೇಳಿಕೊಂಡಿದ್ದಾರೆ. ಚೆಸ್ ಆಡಿದರೆ ಬುದ್ಧಿ ಚುರುಕಾಗುತ್ತದೆ, ಏಕಾಗ್ರತೆ ಬೆಳೆಯುತ್ತದೆ ಎಂದು ನಿಮಗೆ ಈಗಾಗಲೇ ಹಲವರು ಹೇಳಿರಬಹುದು. ನಾನು ಅದನ್ನು ಪುನಃ ಹೇಳುವುದಿಲ್ಲ. ಈ ಆಟದ ಅತ್ಯುನ್ನತ ಪಟ್ಟಕ್ಕಾಗಿ, ಅಂದರೆ ವಿಶ್ವ ಚಾಂಪಿಯನ್ ಎಂಬ ಬಿರುದಿಗಾಗಿ, ಬುದ್ಧಿವಂತರಲ್ಲಿ ಬುದ್ಧಿವಂತರು ಹೇಗೆ ಜಗಳವಾಡಿದರು ಎಂಬುದನ್ನು ಇಂದು ಹೇಳುತ್ತೇನೆ. ಜಗಳದ ಕತೆ ಎಂದರೆ ಎಲ್ಲರಿಗೂ ಇಷ್ಟ. ಆದರೆ ಇದು ಬರೀ ಕತೆಯಲ್ಲ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ನಿಮ್ಮ ಮುಂದಿಡುವವನಿದ್ದೇನೆ.

ಮೊದಲು ಹಳೆಯ ಒಂದು ಪ್ರಸಂಗ. ನಮ್ಮ ದೇಶದಲ್ಲಿ ಹುಟ್ಟಿದ ಚತುರಂಗ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬರ ಕೈಗೆ ಬಂದು ಶತ್ರಂಜ್ ಆಯಿತೆಂಬುದು ನಿಮಗೆ ಗೊತ್ತು. ಬಗ್ದಾದಿನಲ್ಲಿ 902ರಿಂದ 908ರ ತನಕ ಆಳಿದ ಅಬ್ಬಾಸಿ ಖಲೀಫ ಅಲ್ ಮುಕ್ತಫಿಯ ಆಸ್ಥಾನದಲ್ಲಿ ಅಲ್ ಮಾವರ್ದಿ ಎಂಬ ಪ್ರಸಿದ್ಧ ಆಟಗಾರನಿದ್ದ. ಆತ ಖಲೀಫನಿಗೆ ಬಹಳ ಬೇಕಾದವನು. ಅಲ್ಲಿಗೆ ಅಸ್ಸೂಲಿ ಎಂಬ ವಿದ್ವಾಂಸ ಬಂದ. ಇಬ್ಬರ ನಡುವೆ ಪಂದ್ಯ ಏರ್ಪಟ್ಟಿತು. ಖಲೀಫನು ಬಹಿರಂಗವಾಗಿಯೇ ತನ್ನವನ ಪರವಾಗಿ ಉತ್ತೇಜನ ನೀಡುತ್ತಿದ್ದನಂತೆ. ಆದರೂ ಹಲಗೆಯ ಮೇಲೆ ಅಸ್ಸೂಲಿಯೇ ಗೆದ್ದ. ಆಟ ಮುಗಿದ ಮೇಲೆ ಖಲೀಫನೂ ಅಸ್ಸೂಲಿಯ ಹಿರಿಮೆಯನ್ನು ಒಪ್ಪಿಕೊಂಡನೆಂದು ಇತಿಹಾಸ ಹೇಳುತ್ತದೆ.

ಈ ಪ್ರಸಂಗದಲ್ಲಿ ಒಂದು ಅಂಶ ಗಮನಿಸಿ. ಖಲೀಫನಿಗೆ ಪಕ್ಷಪಾತವಿತ್ತು. ಆದರೆ ಹೊಸಬನಿಗೆ ಆಡುವ ಅವಕಾಶ ಸಿಕ್ಕಿತು. ಆತ ಹಲಗೆಯ ಮುಂದೆ ಕುಳಿತ ಮೇಲೆ ಪಕ್ಷಪಾತ ಕೆಲಸ ಮಾಡಲಿಲ್ಲ. ಹಾಗಾದರೆ ಅನ್ಯಾಯ ನಡೆಯುವುದು ಎಲ್ಲಿ? ಹೆಚ್ಚಿನ ಸಂದರ್ಭದಲ್ಲಿ ಹಲಗೆಯ ಮೇಲಲ್ಲ, ಹಲಗೆಯ ತನಕ ಹೋಗುವ ದಾರಿಯಲ್ಲಿ. ನಾನು ಹೇಳಲಿರುವ ಎಲ್ಲ ಜಗಳಗಳ ಮೂಲ ಇದೇ.

ಪಟ್ಟ ಖಾಸಗಿ ಸೊತ್ತಾಗಿದ್ದ ಕಾಲ

ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ನಡೆದ ಮೊದಲ ಅಧಿಕೃತ ಪಂದ್ಯ 1886ರದ್ದು. ಅಮೆರಿಕದ ನ್ಯೂಯಾರ್ಕ್, ಸೇಂಟ್ ಲೂಯಿಸ್ ಮತ್ತು ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ನಡೆದ ಈ ಪಂದ್ಯದಲ್ಲಿ ಸ್ಟೈನಿಟ್ಸ್ ಅವರು ಜುಕರ್‌ಟೋರ್ಟ್ ಅವರನ್ನು ಸೋಲಿಸಿದರು. 1894ರಲ್ಲಿ ಜರ್ಮನಿಯ ಇಮಾನ್ಯುವೆಲ್ ಲಾಸ್ಕರ್ ಅವರು ಸ್ಟೈನಿಟ್ಸ್‌ರಿಂದ ಪಟ್ಟವನ್ನು ಕಿತ್ತುಕೊಂಡು 27 ವರ್ಷ ಇಟ್ಟುಕೊಂಡರು. ಇಂದಿಗೂ ಅಷ್ಟು ದೀರ್ಘ ಕಾಲ ಯಾರೂ ಚಾಂಪಿಯನ್ ಆಗಿ ಉಳಿದಿಲ್ಲ.

ಆ ಕಾಲದಲ್ಲಿ ಪಟ್ಟ ಚಾಂಪಿಯನ್‌ನ ಸ್ವಂತ ಆಸ್ತಿ ಇದ್ದ ಹಾಗೆ. ಯಾರೊಡನೆ ಆಡಬೇಕು, ಯಾವಾಗ ಆಡಬೇಕು, ಎಷ್ಟು ಹಣಕ್ಕೆ ಆಡಬೇಕು, ಎಲ್ಲವನ್ನೂ ಅವನೇ ಹೇಳುವುದು. 1910ರಲ್ಲಿ ಲಾಸ್ಕರ್ ಮತ್ತು ಆಸ್ಟ್ರಿಯಾದ ಷ್ಲೆಕ್ಟರ್ ನಡುವೆ ಕೇವಲ 10 ಆಟಗಳ ಪಂದ್ಯ ನಡೆಯಿತು. ಒಂಬತ್ತು ಆಟ ಮುಗಿದಾಗ ಷ್ಲೆಕ್ಟರ್ ಒಂದು ಅಂಕ ಮುಂದಿದ್ದರು. ಕೊನೆಯ ಆಟ ಡ್ರಾ ಮಾಡಿಕೊಂಡಿದ್ದರೂ ಸಾಕಿತ್ತು ಎಂದು ನಮಗೆ ಅನ್ನಿಸುತ್ತದೆ. ಆದರೆ ಅವರು ಗೆಲ್ಲಲು ಹೊರಟು ಸೋತರು. ಪಂದ್ಯ 5–5 ಆಯಿತು, ಪಟ್ಟ ಲಾಸ್ಕರ್ ಬಳಿಯೇ ಉಳಿಯಿತು. ಪಟ್ಟ ಪಡೆಯಲು ಎರಡು ಅಂಕಗಳ ಮುನ್ನಡೆ ಬೇಕೆಂಬ ಕರಾರು ಇತ್ತೇ ಇಲ್ಲವೇ ಎಂದು ಇತಿಹಾಸಕಾರರು ನೂರು ವರ್ಷ ಕಳೆದರೂ ವಾದಿಸುತ್ತಿದ್ದಾರೆ. ನಿಯಮವನ್ನು ಎಲ್ಲರ ಮುಂದೆ ಬರೆದಿಡದಿದ್ದರೆ ಹೀಗಾಗುತ್ತದೆ.

ಮರುವರ್ಷ ಕ್ಯೂಬಾದ ಯುವಕ ಕಪಾಬ್ಲಾಂಕಾ ಸವಾಲು ಹಾಕಿದಾಗ ಲಾಸ್ಕರ್ 17 ಷರತ್ತುಗಳನ್ನು ಒಡ್ಡಿದರು. ಪಂದ್ಯ ನಡೆಯಲಿಲ್ಲ. ಹತ್ತು ವರ್ಷ ಕಾದು 1921ರಲ್ಲಿ ಹವಾನಾ ನಗರದಲ್ಲಿ ಕಪಾಬ್ಲಾಂಕಾ ಒಂದು ಆಟವನ್ನೂ ಸೋಲದೆ ಪಟ್ಟ ಪಡೆದರು. ಷರತ್ತುಗಳಿಂದ ಅಷ್ಟು ಬಳಲಿದ್ದ ಮನುಷ್ಯ ದಾರಿಯನ್ನು ಸುಗಮಗೊಳಿಸಬೇಕಿತ್ತಲ್ಲವೇ? ಒಂದು ಒಳ್ಳೆಯ ಕೆಲಸವನ್ನು ಅವರು ಮಾಡಿದರು: 1922ರಲ್ಲಿ ಲಂಡನ್‌ನಲ್ಲಿ ಪಂದ್ಯದ ನಿಯಮಗಳನ್ನು ಬರೆದು ಪ್ರಮುಖ ಆಟಗಾರರ ಸಹಿ ಹಾಕಿಸಿದರು. ಆದರೆ ಅದರಲ್ಲಿ ಒಂದು ನಿಯಮ ಹೀಗಿತ್ತು: ಬಹುಮಾನದ ನಿಧಿ ಕನಿಷ್ಠ 10,000 ಡಾಲರ್ ಇಲ್ಲದಿದ್ದರೆ ಚಾಂಪಿಯನ್ ಆಡಬೇಕಾಗಿಲ್ಲ. ಆ ಕಾಲದಲ್ಲಿ ಅದು ದೊಡ್ಡ ಮೊತ್ತ. ಸವಾಲುಗಾರನಿಗೆ ಪ್ರತಿಭೆ ಇದ್ದರೆ ಸಾಲದು, ಹಣ ಹೂಡುವ ಧಣಿಗಳೂ ಬೇಕು ಎಂದಾಯಿತು.

1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ರಷ್ಯಾ ಮೂಲದ ಅಲೆಖಿನ್ ಅದೇ ನಿಯಮದಂತೆ ಹಣ ಹೊಂದಿಸಿ ಕಪಾಬ್ಲಾಂಕಾರನ್ನು ಎದುರಿಸಿದರು. 34 ಆಟಗಳು ನಡೆದವು, ಅದರಲ್ಲಿ 25 ಡ್ರಾ. 6–3 ಗೆಲುವುಗಳಿಂದ ಅಲೆಖಿನ್ ಚಾಂಪಿಯನ್ ಆದರು. ಕಪಾಬ್ಲಾಂಕಾ ಮರುಪಂದ್ಯ ಕೇಳಿದರು. ಪತ್ರಗಳು ಹೋದವು, ಬಂದವು. ಅಲೆಖಿನ್ ಲಂಡನ್ ನಿಯಮಗಳನ್ನೇ ತೋರಿಸಿದರು. ತಾನು ಮಾಡಿದ ಬೀಗ ತನ್ನ ಬಾಗಿಲಿಗೇ ಬಿತ್ತು ಎಂಬ ಸ್ಥಿತಿ ಕಪಾಬ್ಲಾಂಕಾರದ್ದು. ಆದರೆ ಅಲೆಖಿನ್ 1929ರಲ್ಲಿ ಮತ್ತು 1934ರಲ್ಲಿ, ಎರಡು ಬಾರಿ, ಬೊಗೊಲ್ಯುಬೊವ್ ಅವರೊಡನೆ ಪಟ್ಟಕ್ಕಾಗಿ ಆಡಿದರು. ಕಪಾಬ್ಲಾಂಕಾರಿಗೆ ಮರುಪಂದ್ಯ ಸಿಗಲೇ ಇಲ್ಲ. 1942ರಲ್ಲಿ ಅವರು ತೀರಿಕೊಂಡರು.

ಬಾಗಿಲ ಹೊರಗೆ ನಿಂತ ಒಬ್ಬ

ಇದೇ ಕಾಲದ ಇನ್ನೊಬ್ಬರ ಹೆಸರನ್ನು ನೀವು ನೆನಪಿಡಬೇಕು: ಮೀರ್ ಸುಲ್ತಾನ್ ಖಾನ್. ಅವಿಭಜಿತ ಪಂಜಾಬಿನ ಹಳ್ಳಿಯವರು. ಅವರು ಕಲಿತದ್ದು ನಮ್ಮ ದೇಶೀ ಪದ್ಧತಿಯ ಚದುರಂಗ. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿ 1929ರಲ್ಲಿ ಲಂಡನ್‌ಗೆ ಹೋದರು. ಯುರೋಪಿನ ನಿಯಮಗಳು ಅವರಿಗೆ ಆಗ ಇನ್ನೂ ಹೊಸತು. ಆದರೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಪುನಃ ಆದರು. ಹೇಸ್ಟಿಂಗ್ಸ್‌ನಲ್ಲಿ 1930–31ರ ಪಂದ್ಯಾಟದಲ್ಲಿ ಸ್ವತಃ ಕಪಾಬ್ಲಾಂಕಾರನ್ನು ಸೋಲಿಸಿದರು. ಒಲಿಂಪಿಯಾಡ್‌ನಲ್ಲಿ ಇಂಗ್ಲೆಂಡ್ ತಂಡದ ಮೊದಲ ಹಲಗೆಯಲ್ಲಿ ಆಡಿದರು.

1933ರ ಕೊನೆಯಲ್ಲಿ ಆಶ್ರಯದಾತರು ಊರಿಗೆ ಹೊರಟಾಗ ಅವರೂ ಹೊರಟರು. ಅಲ್ಲಿಗೆ ಅವರ ಅಂತಾರಾಷ್ಟ್ರೀಯ ಚೆಸ್ ಜೀವನ ಮುಗಿಯಿತು. ಕೇವಲ ನಾಲ್ಕೂವರೆ ವರ್ಷ! ಅವರು ವಿಶ್ವ ಚಾಂಪಿಯನ್ ಆಗುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ 10,000 ಡಾಲರ್ ತರಬಲ್ಲವನಿಗೆ ಮಾತ್ರ ತೆರೆಯುವ ಬಾಗಿಲಿನಲ್ಲಿ ಇಂಥವರು ಒಳಗೆ ಹೋಗಲು ಸಾಧ್ಯವೇ ಇರಲಿಲ್ಲ. 1966ರಲ್ಲಿ ಪಾಕಿಸ್ತಾನದಲ್ಲಿ ಅವರು ತೀರಿಕೊಂಡರು. ಫಿಡೆ ಎಂದು ಕರೆಯಲಾಗುವ ವಿಶ್ವ ಚೆಸ್ ಒಕ್ಕೂಟ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಬಿರುದು ನೀಡಿದ್ದು 2024ರಲ್ಲಿ, ಸತ್ತು 58 ವರ್ಷಗಳ ನಂತರ.

ಖಾಲಿ ಕುರ್ಚಿ ಮತ್ತು ಹೊಸ ನಿಯಮ

ಎಲ್ಲ ಚಾಂಪಿಯನ್ನರೂ ಅಲೆಖಿನ್ ಹಾಗಿರಲಿಲ್ಲ. 1935ರಲ್ಲಿ ಹಾಲೆಂಡಿನ ಗಣಿತ ಅಧ್ಯಾಪಕ ಮ್ಯಾಕ್ಸ್ ಯೂವೆ ಅಲೆಖಿನ್‌ರನ್ನು ಸೋಲಿಸಿದರು. ಎರಡೇ ವರ್ಷದಲ್ಲಿ, 1937ರಲ್ಲಿ, ಮರುಪಂದ್ಯ ಕೊಟ್ಟು ಸೋತು ಪಟ್ಟವನ್ನು ಹಿಂದಿರುಗಿಸಿದರು. ಮುಂದೆ ಇದೇ ಯೂವೆ 1970ರಿಂದ 1978ರ ತನಕ ಫಿಡೆಯ ಅಧ್ಯಕ್ಷರಾದರು.

1946ರ ಮಾರ್ಚಿನಲ್ಲಿ ಅಲೆಖಿನ್ ಪೋರ್ಚುಗಲ್‌ನ ಹೋಟೆಲ್ ಕೋಣೆಯೊಂದರಲ್ಲಿ, ಪಟ್ಟ ತನ್ನ ಬಳಿ ಇರುವಾಗಲೇ, ಮರಣ ಹೊಂದಿದರು. ಯಜಮಾನ ಉಯಿಲು ಬರೆಯದೆ ಸತ್ತ ಹಾಗಾಯಿತು. ಈಗ ಪಟ್ಟ ಯಾರಿಗೆ? 1924ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಗಿದ್ದ ಫಿಡೆ ಆಗ ಮುಂದೆ ಬಂತು. 1948ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐದು ಮಂದಿಯ ಪಂದ್ಯಾಟ ಏರ್ಪಡಿಸಿತು. ಸೋವಿಯತ್ ಒಕ್ಕೂಟದ ಬೊತ್ವಿನ್ನಿಕ್ ಗೆದ್ದರು. ಅದಕ್ಕಿಂತಲೂ ಮುಖ್ಯವಾದುದು ಮುಂದಿನ ಏರ್ಪಾಡು. ವಲಯ ಮಟ್ಟದ ಪಂದ್ಯಾಟ, ಅಂತರ್ವಲಯ ಪಂದ್ಯಾಟ, ನಂತರ ಅರ್ಹತಾ ಸ್ಪರ್ಧಿಗಳ ಪಂದ್ಯಾಟ. ಅದನ್ನು ಗೆದ್ದವನು ಚಾಂಪಿಯನ್‌ಗೆ ಸವಾಲುಗಾರ. ಹಣವಿಲ್ಲದವನೂ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮೇಲೆ ಹೋಗಬಹುದು. ಚಾಂಪಿಯನ್ ತನಗೆ ಬೇಕಾದವನನ್ನು ಆರಿಸಿಕೊಳ್ಳುವಂತಿಲ್ಲ. ಬಾಗಿಲು ತೆರೆಯಿತು.

ನಿಯಮ ಬಂದೊಡನೆ ದೂರುಗಳು ನಿಂತವೇ? ಇಲ್ಲ. ಸೋತ ಚಾಂಪಿಯನ್‌ಗೆ ಮರುಪಂದ್ಯದ ಹಕ್ಕು ಇದ್ದುದರಿಂದ ಬೊತ್ವಿನ್ನಿಕ್ 1957ರಲ್ಲಿ ಸ್ಮಿಸ್ಲೊವ್‌ಗೆ ಸೋತು 1958ರಲ್ಲಿ ಮರಳಿ ಪಡೆದರು. 1960ರಲ್ಲಿ ಟಾಲ್‌ಗೆ ಸೋತು 1961ರಲ್ಲಿ ಮರಳಿ ಪಡೆದರು. ಸವಾಲುಗಾರ ಎರಡು ಬಾರಿ ಗೆಲ್ಲಬೇಕು, ಚಾಂಪಿಯನ್‌ಗೆ ಎರಡರಲ್ಲಿ ಒಂದು ಸಾಕು, ಇದು ನ್ಯಾಯವೇ ಎಂದು ಜನ ಕೇಳಿದರು. ಆ ಹಕ್ಕನ್ನು ತೆಗೆಯಲಾಯಿತು. 1963ರಲ್ಲಿ ಪೆಟ್ರೋಸಿಯನ್ ಗೆದ್ದಾಗ ಬೊತ್ವಿನ್ನಿಕ್‌ಗೆ ಮರುಪಂದ್ಯವಿರಲಿಲ್ಲ.

1962ರಲ್ಲಿ ಕುರಸಾವ್ ದ್ವೀಪದ ಅರ್ಹತಾ ಪಂದ್ಯಾಟದಲ್ಲಿ ಪೆಟ್ರೋಸಿಯನ್, ಕೆರೆಸ್ ಮತ್ತು ಗೆಲ್ಲರ್ ಎಂಬ ಮೂವರು ಸೋವಿಯತ್ ಆಟಗಾರರು ತಮ್ಮೊಳಗೆ ಆಡಿದ 12 ಆಟಗಳೂ ಡ್ರಾ ಆದವು. ಅವರು ಒಳ ಒಪ್ಪಂದ ಮಾಡಿಕೊಂಡಿದ್ದಾರೆ ಎಂದು 19ರ ಹರೆಯದ ಅಮೆರಿಕನ್ ಬಾಬಿ ಫಿಷರ್ ಪತ್ರಿಕೆಯಲ್ಲಿ ಬರೆದರು. ಫಿಡೆ ಆ ದೂರನ್ನು ತಳ್ಳಿಹಾಕಲಿಲ್ಲ. ಮುಂದಿನ ಆವೃತ್ತಿಯಿಂದ ಇಬ್ಬಿಬ್ಬರೇ ಎದುರು ಬದುರು ಆಡುವ ಪದ್ಧತಿ ತಂದಿತು. ನಿಯಮದಲ್ಲಿ ಲೋಪವಿದ್ದರೆ ಹೊರಗೆ ಹೇಳುವುದು, ಹೇಳಿದ್ದರಲ್ಲಿ ಸತ್ಯವಿದ್ದರೆ ತಿದ್ದುವುದು, ಎರಡೂ ಬೇಕು.

ಫಿಷರ್: ಗೆದ್ದದ್ದು ಹೇಗೆ, ಕಳೆದುಕೊಂಡದ್ದು ಹೇಗೆ

ಇದೇ ಫಿಷರ್ 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದಲ್ಲಿ ಸೋವಿಯತ್ ಚಾಂಪಿಯನ್ ಬೋರಿಸ್ ಸ್ಪಾಸ್ಕಿ ಅವರನ್ನು ಎದುರಿಸಿದರು. ಪಂದ್ಯ ಆರಂಭವಾಗಬೇಕಾದ ದಿನ ಫಿಷರ್ ಬರಲೇ ಇಲ್ಲ. ಬಹುಮಾನದ ಹಣ ಸಾಲದೆಂದರು. ಜಿಮ್ ಸ್ಲೇಟರ್ ಎಂಬ ಬ್ರಿಟಿಷ್ ಹಣಕಾಸುದಾರರು ಅಷ್ಟೇ ಮೊತ್ತವನ್ನು ಸೇರಿಸಿ ಇಮ್ಮಡಿ ಮಾಡಿದರು. ಬಂದು ಮೊದಲ ಆಟ ಸೋತರು. ಕ್ಯಾಮರಾಗಳ ಸದ್ದು ತೊಂದರೆ ಕೊಡುತ್ತದೆಂದು ಎರಡನೇ ಆಟಕ್ಕೆ ಬರಲೇ ಇಲ್ಲ. 2–0. ಸ್ಪಾಸ್ಕಿ ಆಗ ಎದ್ದು ಮನೆಗೆ ಹೋಗಿದ್ದರೆ ಪಟ್ಟ ಅವರದ್ದೇ. ಆದರೆ ಅವರು ಫಿಷರ್ ಕೇಳಿಕೊಂಡಂತೆ ಮೂರನೆಯ ಆಟವನ್ನು ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಆಡಲು ಒಪ್ಪಿದರು. ಆ ಆಟವನ್ನು ಸೋತರು. ಕೊನೆಗೆ 12½–8½ ಅಂತರದಲ್ಲಿ ಪಟ್ಟವನ್ನೂ ಕಳೆದುಕೊಂಡರು. ಆರನೇ ಆಟದಲ್ಲಿ ಫಿಷರ್ ಸುಂದರವಾಗಿ ಗೆದ್ದಾಗ ಸೋತ ಸ್ಪಾಸ್ಕಿ ತಾವೂ ಪ್ರೇಕ್ಷಕರೊಡನೆ ಚಪ್ಪಾಳೆ ತಟ್ಟಿದರು. ಮಕ್ಕಳೇ, ಆ ಪಂದ್ಯದ ಬಗ್ಗೆ ಜಗತ್ತು ಫಿಷರ್ ಹೆಸರನ್ನೇ ಹೇಳುತ್ತದೆ. ನೀವು ಸ್ಪಾಸ್ಕಿಯ ಹೆಸರನ್ನೂ ನೆನಪಿಡಿ.

ಮೂರು ವರ್ಷಗಳ ನಂತರ ಫಿಷರ್ ಅನಾತೊಲಿ ಕಾರ್ಪೊವ್ ಅವರೊಡನೆ ಆಡಬೇಕಿತ್ತು. ಅವರ ಬೇಡಿಕೆ ಇದು: 10 ಆಟ ಮೊದಲು ಗೆದ್ದವನು ವಿಜಯಿ, ಡ್ರಾಗಳಿಗೆ ಲೆಕ್ಕವಿಲ್ಲ, ಆಟಗಳ ಸಂಖ್ಯೆಗೆ ಮಿತಿ ಇಲ್ಲ, 9–9 ಆದರೆ ಪಟ್ಟ ಚಾಂಪಿಯನ್ ಬಳಿಯೇ ಉಳಿಯಬೇಕು. 1975ರಲ್ಲಿ ಸೇರಿದ ಫಿಡೆಯ ವಿಶೇಷ ಸಭೆ ಆಟಗಳ ಮಿತಿಯನ್ನು ಕೈಬಿಟ್ಟಿತು. ಆದರೆ 9–9ರ ಷರತ್ತನ್ನು ಒಪ್ಪಲಿಲ್ಲ. ಲೆಕ್ಕ ಹಾಕಿ ನೋಡಿ. ಆ ಷರತ್ತಿನಲ್ಲಿ ಪಟ್ಟ ಉಳಿಸಿಕೊಳ್ಳಲು ಚಾಂಪಿಯನ್‌ಗೆ 9 ಗೆಲುವು ಸಾಕು. ಸವಾಲುಗಾರನಿಗೆ ಕನಿಷ್ಠ 10–8 ಬೇಕು. ಹಿಂದೆ 24 ಆಟಗಳ ಪಂದ್ಯ 12–12 ಆದಾಗಲೂ ಚಾಂಪಿಯನ್ ಉಳಿಯುತ್ತಿದ್ದನಲ್ಲ, ಬೊತ್ವಿನ್ನಿಕ್ 1951 ಮತ್ತು 1954ರಲ್ಲಿ ಹಾಗೆಯೇ ಉಳಿದರಲ್ಲ ಎಂದು ಫಿಷರ್ ಪರವಾಗಿ ವಾದಿಸಿದವರೂ ಇದ್ದರು. ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಸಭೆ ತೀರ್ಮಾನಿಸಿದ ಮೇಲೆ ಆಡುವುದು ಅಥವಾ ಬಿಡುವುದು ಎರಡೇ ದಾರಿ. ಫಿಷರ್ ಬಿಟ್ಟರು. 1975ರ ಏಪ್ರಿಲ್ 3ರಂದು ಕಾರ್ಪೊವ್ ಒಂದು ನಡೆಯನ್ನೂ ನಡೆಸದೆ ಚಾಂಪಿಯನ್ ಆದರು. ಫಿಷರ್ 1972ರ ನಂತರ 20 ವರ್ಷ ಸಾರ್ವಜನಿಕವಾಗಿ ಪಂದ್ಯ ಆಡಲಿಲ್ಲ ಎನ್ನುವಷ್ಟರ ಮಟ್ಟಿಗೆ ಮರೆಯಾದರು. 1992ರಲ್ಲಿ ಒಮ್ಮೆ ಸ್ಪಾಸ್ಕಿಯೊಡನೆ ಆಡಿ, ತಾನೇ ಇನ್ನೂ ವಿಶ್ವ ಚಾಂಪಿಯನ್ ಎಂದರು. ಅದನ್ನು ಫಿಡೆ ಮಾನ್ಯ ಮಾಡಲಿಲ್ಲ.

ತೀರ್ಪುಗಾರನೇ ಆಟ ನಿಲ್ಲಿಸಿದಾಗ

1978ರಲ್ಲಿ ಫಿಲಿಪ್ಪೀನ್ಸ್‌ನ ಬಾಗಿಯೊದಲ್ಲಿ ಕಾರ್ಪೊವ್ ಎದುರು ಕುಳಿತವರು ಸೋವಿಯತ್ ದೇಶ ಬಿಟ್ಟು ಓಡಿಬಂದಿದ್ದ ಕೊರ್ಚ್‌ನೊಯ್. ಅವರ ಹೆಂಡತಿ ಮಗ ಇನ್ನೂ ಅಲ್ಲೇ ಇದ್ದರು. ಕಾರ್ಪೊವ್‌ಗೆ ಕಳುಹಿಸಿದ ಮೊಸರಿನ ಬಟ್ಟಲಿನಲ್ಲಿ ಗುಪ್ತ ಸಂದೇಶವಿದೆಯೆಂದು ಒಂದು ಕಡೆಯ ದೂರು. ಎದುರಾಳಿಯ ಕನ್ನಡಕದ ಗಾಜು ಕಣ್ಣಿಗೆ ಹೊಳೆಯುತ್ತದೆಂದು ಇನ್ನೊಂದು ಕಡೆಯ ದೂರು. ಸಭೆಯಲ್ಲಿ ಕುಳಿತ ಮನಃಶಾಸ್ತ್ರಜ್ಞನೊಬ್ಬ ದಿಟ್ಟಿಸಿ ನೋಡಿ ಆಟ ಕೆಡಿಸುತ್ತಿದ್ದಾನೆ ಎಂಬ ದೂರು ಬೇರೆ. ಇಷ್ಟೆಲ್ಲದರ ನಡುವೆ ಕೊರ್ಚ್‌ನೊಯ್ 2–5ರಿಂದ 5–5ಕ್ಕೆ ಏರಿದರು. 32ನೇ ಆಟ ಗೆದ್ದು ಕಾರ್ಪೊವ್ ಪಟ್ಟ ಉಳಿಸಿಕೊಂಡರು.

1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರ್ಪೊವ್ ಮತ್ತು 21ರ ಹರೆಯದ ಗ್ಯಾರಿ ಕಾಸ್ಪರೊವ್ ಪಂದ್ಯ ಆರಂಭವಾಯಿತು. ಆರು ಆಟ ಮೊದಲು ಗೆದ್ದವನು ವಿಜಯಿ. ಒಂಬತ್ತು ಆಟಗಳಾಗುವಾಗಲೇ 4–0. 27ನೇ ಆಟದ ನಂತರ 5–0. ಕಾರ್ಪೊವ್‌ಗೆ ಬೇಕಾದದ್ದು ಇನ್ನೊಂದೇ ಗೆಲುವು. ಅದು ಸಿಗಲಿಲ್ಲ. ಡ್ರಾಗಳ ಮೇಲೆ ಡ್ರಾ. ಕಾಸ್ಪರೊವ್ 32ನೇ ಆಟ ಗೆದ್ದರು, ನಂತರ 47 ಮತ್ತು 48ನೇ ಆಟಗಳನ್ನೂ ಗೆದ್ದರು. ಸ್ಪರ್ಧೆ 5–3. ಐದು ತಿಂಗಳು ಕಳೆದಿತ್ತು. 1985ರ ಫೆಬ್ರವರಿ 15ರಂದು ಫಿಡೆ ಅಧ್ಯಕ್ಷ ಕಂಪೊಮಾನೆಸ್ ಅವರು ಆಟಗಾರರು ಬಳಲಿದ್ದಾರೆಂಬ ಕಾರಣ ಕೊಟ್ಟು, ಫಲಿತಾಂಶವಿಲ್ಲದೆಯೇ ಪಂದ್ಯವನ್ನು ನಿಲ್ಲಿಸಿದರು. ಇಬ್ಬರೂ ಆಟಗಾರರು ತಾವು ಮುಂದುವರಿಸಲು ಸಿದ್ಧ ಎಂದರು.

ಇದರಿಂದ ಲಾಭ ಯಾರಿಗಾಯಿತು? ಕೆಲವರು ಕಾರ್ಪೊವ್‌ಗೆ ಎಂದರು, ಕೆಲವರು ಕಾಸ್ಪರೊವ್‌ಗೆ ಎಂದರು. ಅದೇ ವರ್ಷ 24 ಆಟಗಳ ಹೊಸ ಪಂದ್ಯದಲ್ಲಿ ಕಾಸ್ಪರೊವ್ 13–11ರಿಂದ ಗೆದ್ದು, 22ರ ಹರೆಯದಲ್ಲಿ ಅಂದಿನ ತನಕದ ಅತಿ ಕಿರಿಯ ಚಾಂಪಿಯನ್ ಆದರು. ಆದರೆ ಆಟದ ಮಧ್ಯೆ ನಿಯಮ ಬದಲಾದಾಗ ಹುಟ್ಟಿದ ಅವಿಶ್ವಾಸ ಅವರ ಮನಸ್ಸಿನಿಂದ ಹೋಗಲಿಲ್ಲ. ಎಂಟು ವರ್ಷಗಳ ನಂತರ ಅದು ದೊಡ್ಡ ಬಿರುಕಾಯಿತು.

ಎರಡು ಕಿರೀಟಗಳ 13 ವರ್ಷ

1993ರಲ್ಲಿ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಅರ್ಹತಾ ಪಂದ್ಯಗಳಲ್ಲಿ ಕಾರ್ಪೊವ್‌ರನ್ನೂ ನಂತರ ಟಿಮ್ಮನ್‌ರನ್ನೂ ಸೋಲಿಸಿ ಸವಾಲುಗಾರರಾದರು. ಪಂದ್ಯದ ಸ್ಥಳ ಮತ್ತು ಹಣವನ್ನು ಫಿಡೆ ತಮ್ಮನ್ನು ಕೇಳದೆ ತೀರ್ಮಾನಿಸಿತು ಎಂದು ಕಾಸ್ಪರೊವ್ ಮತ್ತು ಶಾರ್ಟ್ ಆಕ್ಷೇಪಿಸಿದರು. ಅವರ ಆಕ್ಷೇಪದಲ್ಲಿ ನ್ಯಾಯವಿತ್ತು. ಆದರೆ ಅವರು ಮಾಡಿದ್ದೇನು? ಹೊರಗೆ ಹೋಗಿ ಬೇರೆಯೇ ಸಂಘಟನೆ ಕಟ್ಟಿ ಲಂಡನ್‌ನಲ್ಲಿ ಆಡಿದರು. ಕಾಸ್ಪರೊವ್ ಸುಲಭವಾಗಿ ಗೆದ್ದರು. ಫಿಡೆ ಕಾಸ್ಪರೊವ್‌ರಿಂದ ಪಟ್ಟ ಕಿತ್ತುಕೊಂಡು, ಶಾರ್ಟ್‌ಗೆ ಸೋತಿದ್ದ ಆ ಇಬ್ಬರನ್ನೇ, ಅಂದರೆ ಕಾರ್ಪೊವ್ ಮತ್ತು ಟಿಮ್ಮನ್‌ರನ್ನು, ಪಟ್ಟಕ್ಕಾಗಿ ಆಡಿಸಿತು. ಕಾರ್ಪೊವ್ ಫಿಡೆಯ ಚಾಂಪಿಯನ್. ಒಂದು ಮನೆಗೆ ಎರಡು ಬಾಗಿಲಾಯಿತು, ಎರಡು ಕಡೆಯೂ ಯಜಮಾನರು.

ಈ ಜಗಳದಲ್ಲಿ ನಷ್ಟ ಯಾರಿಗಾಯಿತು ನೋಡಿ. ನಮ್ಮ ವಿಶ್ವನಾಥನ್ ಆನಂದ್ 1995ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಮೇಲಿನ ಅಂತಸ್ತಿನಲ್ಲಿ ಕಾಸ್ಪರೊವ್‌ರೊಡನೆ ಆಡಿದರು. ಮೊದಲ ಎಂಟು ಆಟ ಡ್ರಾ, ಒಂಬತ್ತನೆಯದು ಆನಂದ್ ಗೆದ್ದರು, ಆದರೆ ಪಂದ್ಯವನ್ನು 7½–10½ರಿಂದ ಸೋತರು. ಅದು ಆಟದ ಸೋಲು, ಅದರಲ್ಲಿ ದೂರಿಲ್ಲ. ಆದರೆ 1997ರ ಡಿಸೆಂಬರ್‌ನಲ್ಲಿ ಫಿಡೆ ಹಾಲೆಂಡಿನ ಗ್ರೋನಿಂಗನ್‌ನಲ್ಲಿ ಸೋತವನು ಹೊರಗೆ ಹೋಗುವ ಪದ್ಧತಿಯ ಪಂದ್ಯಾಟ ನಡೆಸಿತು. ಆನಂದ್ ಸುತ್ತಿನ ಮೇಲೆ ಸುತ್ತು ಗೆದ್ದು, ಡಿಸೆಂಬರ್ ಕೊನೆಯಲ್ಲಿ ಆಡಮ್ಸ್‌ರನ್ನು ಸೋಲಿಸಿ ಫೈನಲ್ ತಲುಪಿದರು. ಕೆಲವೇ ದಿನಗಳಲ್ಲಿ, 1998ರ ಜನವರಿ 2ರಂದು, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಫೈನಲ್. ಅಲ್ಲಿ ಒಂದೇ ಒಂದು ಸುತ್ತನ್ನೂ ಆಡದೆ ನೇರವಾಗಿ ಫೈನಲ್‌ಗೆ ಸೇರಿಸಲ್ಪಟ್ಟ ಕಾರ್ಪೊವ್ ವಿಶ್ರಾಂತಿ ಪಡೆದು ಕುಳಿತಿದ್ದರು. ಆದರೂ ಆನಂದ್ 3–3 ಸಮ ಮಾಡಿದರು. ವೇಗದ ಆಟಗಳಲ್ಲಿ ಸೋತರು. ಒಬ್ಬನು ಒಂದು ತಿಂಗಳು ಓಡಿ ಬಂದಿದ್ದಾನೆ, ಇನ್ನೊಬ್ಬನು ಗೆರೆಯ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದಾನೆ. ಅದನ್ನು ಓಟದ ಸ್ಪರ್ಧೆ ಎನ್ನಬಹುದೇ?

ಇನ್ನೊಂದು ಪಕ್ಷದಲ್ಲೂ ನ್ಯಾಯ ಸಿಗಲಿಲ್ಲ. 1998ರಲ್ಲಿ ಸ್ಪೇನಿನಲ್ಲಿ ಅಲೆಕ್ಸಿ ಶಿರೊವ್ ಅವರು ವ್ಲಾದಿಮಿರ್ ಕ್ರಾಮ್ನಿಕ್‌ರನ್ನು ಸೋಲಿಸಿ, ಕಾಸ್ಪರೊವ್‌ಗೆ ಸವಾಲು ಹಾಕುವ ಹಕ್ಕು ಗಳಿಸಿದರು. ಹಣ ಹೂಡುವವರು ಸಿಗಲಿಲ್ಲವೆಂದು ಪಂದ್ಯ ನಡೆಯಲಿಲ್ಲ. 2000ದಲ್ಲಿ ಹಣ ಸಿಕ್ಕಿದಾಗ ಕಾಸ್ಪರೊವ್ ಎದುರು ಲಂಡನ್‌ನಲ್ಲಿ ಕುಳಿತವರು ಯಾರು? ಸೋತಿದ್ದ ಕ್ರಾಮ್ನಿಕ್! ಅವರು ಒಂದು ಆಟವನ್ನೂ ಸೋಲದೆ 8½–6½ರಿಂದ ಗೆದ್ದುಬಿಟ್ಟರು. ಈಗ ಮರುಪಂದ್ಯ ಕೇಳುವ ಸರದಿ ಕಾಸ್ಪರೊವ್‌ರದ್ದು. ಸಿಗಲಿಲ್ಲ. 2005ರಲ್ಲಿ ಅವರು ನಿವೃತ್ತರಾದರು. ಕಪಾಬ್ಲಾಂಕಾರ ಕತೆ ನೆನಪಾಗುತ್ತದೆ ಅಲ್ಲವೇ? ಶಿರೊವ್‌ಗಂತೂ ಆ ಪಂದ್ಯ ಇಂದಿಗೂ ಬಾಕಿ.

ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಕೇಳಬೇಕು. 1996ರಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದ ಹಂಗೇರಿಯ ಸುಸಾನ್ ಪೊಲ್ಗಾರ್ 1999ರಲ್ಲಿ ತಾಯಿಯಾದರು. ಪಂದ್ಯವನ್ನು ಮುಂದೂಡಬೇಕೆಂದು ಕೇಳಿಕೊಂಡರು. ಫಿಡೆ ಒಪ್ಪದೆ ಬೇರೆ ಇಬ್ಬರನ್ನು ಪಟ್ಟಕ್ಕಾಗಿ ಆಡಿಸಿತು. ಪೊಲ್ಗಾರ್ ಕ್ರೀಡಾ ನ್ಯಾಯಮಂಡಳಿಗೆ ಹೋದರು. ವಿವಾದ ರಾಜಿಯಲ್ಲಿ ಮುಗಿಯಿತು, ಪಟ್ಟ ಮರಳಿ ಬರಲಿಲ್ಲ. ನಿಯಮ ಬರೆಯುವ ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದೂ ಮುಖ್ಯ.

ಕೊನೆಗೆ 2006ರಲ್ಲಿ ರಷ್ಯಾದ ಎಲಿಸ್ಟಾ ನಗರದಲ್ಲಿ ಕ್ರಾಮ್ನಿಕ್ ಮತ್ತು ಫಿಡೆ ಚಾಂಪಿಯನ್ ಬಲ್ಗೇರಿಯದ ಟೋಪಲೊವ್ ಎದುರಾದರು. ಒಡೆದ ಪಟ್ಟವನ್ನು ಒಂದು ಮಾಡುವ ಆ ಪಂದ್ಯದಲ್ಲೂ ಜಗಳ ಬಿಡಲಿಲ್ಲ. ಕ್ರಾಮ್ನಿಕ್ ಪದೇ ಪದೇ ಶೌಚಾಲಯಕ್ಕೆ ಹೋಗುತ್ತಾರೆಂದು ಎದುರಾಳಿಯ ಮ್ಯಾನೇಜರ್ ದೂರಿದರು. ಆಟಗಾರರ ಖಾಸಗಿ ಶೌಚಾಲಯಗಳಿಗೆ ಬೀಗ ಬಿತ್ತು. ಪ್ರತಿಭಟಿಸಿ ಐದನೇ ಆಟ ಆಡದ ಕ್ರಾಮ್ನಿಕ್ ಒಂದು ಅಂಕ ಕಳೆದುಕೊಂಡರು. ಅವರು ಮೋಸ ಮಾಡಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಎದ್ದು ಹೋಗಬಹುದಿತ್ತು. ಆದರೆ ಪ್ರತಿಭಟನೆಯನ್ನು ದಾಖಲಿಸಿ ಪುನಃ ಬಂದು ಆಡಿದರು. 6–6 ಸಮವಾಗಿ, ವೇಗದ ಆಟಗಳಲ್ಲಿ 2½–1½ರಿಂದ ಗೆದ್ದರು. 13 ವರ್ಷಗಳ ನಂತರ ಜಗತ್ತಿಗೆ ಒಬ್ಬನೇ ಚಾಂಪಿಯನ್ ಸಿಕ್ಕಿದ.

ಆನಂದ್ ತೋರಿಸಿದ ದಾರಿ

2007ರಲ್ಲಿ ಮೆಕ್ಸಿಕೊ ನಗರದಲ್ಲಿ ಎಂಟು ಮಂದಿಯ ಪಂದ್ಯಾಟ ಗೆದ್ದು ಆನಂದ್ ಚಾಂಪಿಯನ್ ಆದರು. ಒಬ್ಬರಿಗೊಬ್ಬರು ಎದುರು ಕುಳಿತು ಗೆದ್ದ ಪಟ್ಟವಲ್ಲ ಇದು ಎಂದವರಿದ್ದರು. ಆನಂದ್ ವಾದಕ್ಕೆ ಹೋಗಲಿಲ್ಲ. 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ರಾಮ್ನಿಕ್‌ರನ್ನು 6½–4½ರಿಂದ ಸೋಲಿಸಿದರು. 2010ರಲ್ಲಿ ಟೋಪಲೊವ್‌ರೊಡನೆ ಪಂದ್ಯ, ಅದೂ ಎದುರಾಳಿಯ ದೇಶದ ಸೋಫಿಯಾದಲ್ಲಿ. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತವು. ಆನಂದ್ ಜರ್ಮನಿಯಿಂದ ಸುಮಾರು 40 ಗಂಟೆ ರಸ್ತೆಯಲ್ಲಿ ಪ್ರಯಾಣಿಸಿ ತಲುಪಿದರು. ಮೂರು ದಿನ ಮುಂದೂಡಿ ಎಂದು ಕೇಳಿದರು, ಒಂದು ದಿನ ಸಿಕ್ಕಿತು. ಮೊದಲ ಆಟ ಸೋತರು. ಕೊನೆಯ ಆಟವನ್ನು ಕಪ್ಪು ಕಾಯಿಗಳಿಂದ ಗೆದ್ದು ಪಟ್ಟ ಉಳಿಸಿಕೊಂಡರು. 2013ರಲ್ಲಿ ತನ್ನದೇ ಊರಾದ ಚೆನ್ನೈಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ಸೋತಾಗ ನೆಪ ಹೇಳಲಿಲ್ಲ. ಮರುಪಂದ್ಯದ ಹಕ್ಕು ಕೇಳದೆ, ಅರ್ಹತಾ ಪಂದ್ಯಾಟವನ್ನು ಗೆದ್ದು 2014ರಲ್ಲಿ ಪುನಃ ಸವಾಲುಗಾರನಾಗಿ ಬಂದರು.

2022ರಲ್ಲಿ ಕಾರ್ಲ್‌ಸನ್ ತನಗೆ ಈ ಪಂದ್ಯದಲ್ಲಿ ಆಸಕ್ತಿ ಇಲ್ಲವೆಂದು ಪಟ್ಟ ಬಿಟ್ಟುಕೊಟ್ಟರು. 2023ರಲ್ಲಿ ಚೀನಾದ ಡಿಂಗ್ ಲಿರೆನ್ ಚಾಂಪಿಯನ್ ಆದರು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಮ್ಮ ಗುಕೇಶ್ 18ರ ಹರೆಯದಲ್ಲಿ ಡಿಂಗ್‌ರನ್ನು 7½–6½ರಿಂದ ಸೋಲಿಸಿದರು. ಕಾರ್ಲ್‌ಸನ್ ಆಡದ ಪಟ್ಟಕ್ಕೆ ಬೆಲೆಯೇನು ಎಂಬ ಹಳೆಯ ಪ್ರಶ್ನೆ ಆಗಲೂ ಬಂತು. ಚಾಂಪಿಯನ್ ಆದ ಮಾತ್ರಕ್ಕೆ ತಾನು ಅತ್ಯುತ್ತಮ ಆಟಗಾರನಾಗುವುದಿಲ್ಲ, ಕಾರ್ಲ್‌ಸನ್ ಇದ್ದಾರೆ ಎಂದು ಆ ಹುಡುಗನೇ ಹೇಳಿದ. ಬಾಗಿಲು ತೆರೆದಿತ್ತು, ಮೆಟ್ಟಿಲು ಹತ್ತಿ ಬಂದವನು ಗೆದ್ದ. ಬಾರದವನಿಗಾಗಿ ಅವನು ಪಟ್ಟವನ್ನು ಬಿಡಬೇಕಾಗಿಲ್ಲ.

ನನ್ನ ತಪ್ಪು

ಈಗ ನನ್ನ ಮಾತು. ಬಹಳ ವರ್ಷಗಳ ಹಿಂದೆ ನಾನು ಒಂದು ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ತಾಲೂಕು ಮಟ್ಟದ ಚೆಸ್ ಸ್ಪರ್ಧೆಗೆ ಒಬ್ಬನ ಹೆಸರು ಕಳುಹಿಸಬೇಕಿತ್ತು. ಹಿಂದಿನ ವರ್ಷ ಹೋಗಿದ್ದ ಹುಡುಗ ಇದ್ದ. ಒಳ್ಳೆಯ ಹುಡುಗ, ನನಗೆ ಪರಿಚಿತರ ಮಗ. ಒಂಬತ್ತನೇ ತರಗತಿಯಲ್ಲಿ ಇನ್ನೊಬ್ಬನಿದ್ದ. ತಾಯಿ ಬೀಡಿ ಕಟ್ಟಿ ಸಾಕುತ್ತಿದ್ದ ಮಗ. ಮಧ್ಯಾಹ್ನದ ಬಿಡುವಿನಲ್ಲಿ ಆತ ಎಲ್ಲರನ್ನೂ ಸೋಲಿಸುತ್ತಿದ್ದ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ಹೆಸರು ಕಳಿಸುವ ಮೊದಲು ನಮ್ಮಿಬ್ಬರಿಗೆ ಒಂದು ಆಟ ಇಡ್ತೀರಾ?” ಎಂದು ಕೇಳಿದ. ನಾನು ತಲೆ ಎತ್ತದೆ, “ಈಗ ಪುರುಸೊತ್ತಿಲ್ಲ, ಮುಂದಿನ ವರ್ಷ ನೋಡುವ” ಎಂದೆ.

ಅವನು ಜಗಳವಾಡಲಿಲ್ಲ. “ಆಯ್ತು ಸರ್” ಎಂದು ಹೋದ. ಆ ಮೇಲೆ ಅವನು ಚೆಸ್ ಹಲಗೆಯ ಹತ್ತಿರ ಕುಳಿತದ್ದನ್ನು ನಾನು ನೋಡಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ, ಕೆಲಸಕ್ಕೆ ಸೇರಿದ ಎಂದು ಹೇಳಿದರು. ಶಾಲೆ ಬಿಟ್ಟದ್ದಕ್ಕೆ ಕಾರಣ ಬಡತನವೇ ಇರಬಹುದು. ಆದರೆ ಅವನು ಕೇಳಿದ್ದು ಪಟ್ಟವನ್ನಲ್ಲ, ಅರ್ಧ ಗಂಟೆಯ ಒಂದು ಆಟವನ್ನು. ಸೋತಿದ್ದರೆ ಅವನೇ ಒಪ್ಪಿಕೊಳ್ಳುತ್ತಿದ್ದ. ಆ ಅರ್ಧ ಗಂಟೆ ನನ್ನಲ್ಲಿತ್ತು. ನಾನು ಕೊಡಲಿಲ್ಲ. ಅಲೆಖಿನ್‌ನ ಹೆಸರು ಓದುವಾಗಲೆಲ್ಲ ನನಗೆ ಸ್ಟಾಫ್ ರೂಮಿನ ಆ ಬಾಗಿಲು ನೆನಪಾಗುತ್ತದೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ವಿದ್ಯಾರ್ಥಿವೇತನವಿರಲಿ, ಭಾಷಣ ಸ್ಪರ್ಧೆಯ ಆಯ್ಕೆಯಿರಲಿ, ಸಂಘದ ಪದಾಧಿಕಾರದ ಸ್ಥಾನವಿರಲಿ, ನಿಯಮವನ್ನು ಮೊದಲೇ ಬರೆದು ಗೋಡೆಗೆ ಅಂಟಿಸೋಣ. ಮಧ್ಯದಲ್ಲಿ ಬದಲಾಯಿಸದಿರೋಣ. ಕೇಳಲು ಬಂದವನನ್ನು ತಲೆ ಎತ್ತಿ ನೋಡೋಣ. ಮಕ್ಕಳಲ್ಲಿಯೂ ಒಂದು ಮಾತು. ನಿಮಗೆ ಅನ್ಯಾಯವಾದರೆ ಹೇಳಿ, ಬರೆದು ಕೊಡಿ, ದಾಖಲಿಸಿ. ಆದರೆ ಸಾಧ್ಯವಾದಷ್ಟೂ ಹಲಗೆಯನ್ನು ಬಿಟ್ಟು ಏಳಬೇಡಿ. ಫಿಷರ್ ಎದ್ದುಹೋದರು, ನಷ್ಟ ಅವರಿಗೂ ಆಯಿತು, ಆಟಕ್ಕೂ ಆಯಿತು. ಕ್ರಾಮ್ನಿಕ್ ಮರಳಿ ಬಂದು ಕುಳಿತರು.

ಇನ್ನು ಸ್ವಲ್ಪ ಹೊತ್ತಿನಲ್ಲಿ ಬಹುಮಾನ ಕೊಡುತ್ತೇವೆ. ಗೆದ್ದವರಿಗೆ ಅಭಿನಂದನೆ. ಕಪ್ ಒಂದು ವರ್ಷ ನಿಮ್ಮ ಮನೆಯಲ್ಲಿರುತ್ತದೆ, ಆದರೆ ಅದು ನಿಮ್ಮ ಸೊತ್ತಲ್ಲ. ಮುಂದಿನ ವರ್ಷ ಯಾರಾದರೂ ಬಂದು “ಒಂದು ಆಟ ಆಡುವ” ಎಂದು ಕೇಳಿದರೆ ಇಲ್ಲ ಎನ್ನಬೇಡಿ. ಸೋತವರು ಮುಂದಿನ ವರ್ಷವೂ ಬನ್ನಿ.